ನೆತ್ತಿಯ ಮೇಲಿಂದ ನೋಡಿದರೆ ಈ ವಿಮಾನ ಯಾರದ್ದು? ನನ್ನ ಅನುಭವ

ಸ್ಯಾಟಲೈಟ್ ಫೋಟೋದಲ್ಲಿ ಏರ್‌ಪೋರ್ಟ್ ಹುಡುಕಿ, ಅಲ್ಲಿ ನಿಂತ ವಿಮಾನ ಯಾವ ಕಂಪನಿಯದ್ದು ಅಂತ ಬಣ್ಣ ನೋಡಿ ಹೇಳುವ ಹುಚ್ಚು ನನಗಿದೆ. ಶುರುವಿನಲ್ಲಿ ಇದು ಸುಲಭ ಅಂದುಕೊಂಡಿದ್ದೆ. ನೆಲದ ಮೇಲೆ ನಿಂತವನಿಗೆ ಹೆಸರು ಓದಿದರೆ ಮುಗಿಯಿತು, ಅಲ್ವಾ? ಮೇಲಿಂದ ಆ ಹೆಸರೇ ಕಾಣುವುದಿಲ್ಲ, ಅದು ಕಿಟಕಿಗಳ ಸಾಲಿನ ಹತ್ತಿರ ಪಕ್ಕಕ್ಕೆ ಬರೆದಿರುತ್ತದೆ. ಬಾಲದ ಮೇಲಿನ ದೊಡ್ಡ ಗುರುತು ನೆತ್ತಿಯಿಂದ ಬರೀ ಒಂದು ಗೆರೆ. ಉಳಿಯುವುದು ಬೆನ್ನಿನ ಬಣ್ಣ, ಅದೂ ಬಹಳಷ್ಟು ವಿಮಾನಗಳಿಗೆ ಬಿಳಿ.

ನಾನು ಚೆನ್ನಾಗಿ ಎಡವಿದ್ದು ಲಾಸ್ ಏಂಜಲೀಸ್‌ನ ಒಂದು ಹಳೇ ಫೋಟೋದಲ್ಲಿ. ತಿಳಿನೀಲಿ ಬೆನ್ನಿನ ದೊಡ್ಡ ವಿಮಾನ ಗೇಟಿನಲ್ಲಿ ನಿಂತಿತ್ತು. ನೋಡಿದ ಕೂಡಲೇ ಕೊರಿಯನ್ ಏರ್ ಅಂತ ಬರೆದಿಟ್ಟೆ. ನೆದರ್‌ಲ್ಯಾಂಡ್ಸ್‌ನ ವಿಮಾನ ಕಂಪನಿ ಕೆಎಲ್‌ಎಂ ಬೆನ್ನೂ ನೀಲಿಯೇ ಅನ್ನುವುದು ಆಗ ತಲೆಗೇ ಬರಲಿಲ್ಲ. ಆಮೇಲೆ ಅನುಮಾನ ಬಂದು ಗೂಗಲ್ ಅರ್ಥ್‌ನಲ್ಲಿ ಅಳೆದೆ. ಮೂಗಿನಿಂದ ಬಾಲಕ್ಕೆ ಸುಮಾರು 74 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 65, ಎರಡು ಎಂಜಿನ್. ಏರ್‌ಬಸ್ ಎ350-1000 ಅಳತೆಯೂ ಹೆಚ್ಚುಕಡಿಮೆ ಇಷ್ಟೇ, ಆದರೆ ಅದರ ರೆಕ್ಕೆಯ ತುದಿ ಬಾಗಿರುತ್ತದೆ. ಇದರದ್ದು ಬಾಗಿರಲಿಲ್ಲ. ಹಾಗಾದರೆ ಬೋಯಿಂಗ್ 777-300ಇಆರ್. ಏನು ಪ್ರಯೋಜನ, ಇಬ್ಬರ ಹತ್ತಿರವೂ ಅದೇ ವಿಮಾನ ಇದೆ!

ನೀಲಿ ಎಷ್ಟು ತಿಳಿ, ಎಷ್ಟು ಗಾಢ ಅಂತ ನೋಡೋಣ ಅಂತ ಜೂಮ್ ಮಾಡಿದೆ. ಮೋಸ ಹೋಗುವುದು ಇಲ್ಲೇ. ವರ್ಲ್ಡ್‌ವ್ಯೂ-3ರಂಥ ಸ್ಯಾಟಲೈಟ್‌ನಲ್ಲಿ ನೆಲದ 31 ಸೆಂಟಿಮೀಟರಿಗೆ ಒಂದು ಪಿಕ್ಸೆಲ್ ಇರುವುದು ಕಪ್ಪುಬಿಳುಪು ಚಿತ್ರಕ್ಕೆ ಮಾತ್ರ. ಬಣ್ಣದ ಚಿತ್ರದಲ್ಲಿ ಒಂದೊಂದು ಪಿಕ್ಸೆಲ್ 1.24 ಮೀಟರ್. ಎರಡನ್ನೂ ಬೆರೆಸಿದ ಚಿತ್ರವೇ ನಮ್ಮ ಕೈಗೆ ಬರುವುದು. ಏರ್‌ಬಸ್‌ನ ಸಣ್ಣ ವಿಮಾನ ಎ320ಯ ಮೈ ಅಗಲ 3.95 ಮೀಟರ್, ಅಂದರೆ ಬಣ್ಣದ ಲೆಕ್ಕದಲ್ಲಿ ಅಡ್ಡಕ್ಕೆ ಮೂರೇ ಪಿಕ್ಸೆಲ್! ಅಂಚು ಕತ್ತರಿಸಿಟ್ಟಷ್ಟು ಚೂಪಾಗಿ ಕಾಣುತ್ತದೆ, ಬಣ್ಣ ಮಾತ್ರ ಪಕ್ಕದ ಕಾಂಕ್ರೀಟಿಗೂ ಸೋರಿರುತ್ತದೆ, ತೆಳ್ಳಗಿನ ಪಟ್ಟಿಗಳು ಕರಗಿಯೇ ಹೋಗಿರುತ್ತವೆ, ಬಿಸಿಲು ಜಾಸ್ತಿ ಇದ್ದರೆ ತಿಳಿ ಬಣ್ಣವೆಲ್ಲ ಬಿಳಿಯಾಗಿಬಿಡುತ್ತದೆ. ಎರಡು ನೀಲಿಗಳ ನಡುವೆ ತೀರ್ಪು ಕೊಡುವ ಕೆಲಸ ಅವತ್ತೇ ಬಿಟ್ಟೆ.

ದಾರಿ ತೋರಿಸಿದ್ದು ಟರ್ಮಿನಲ್ಲಿನ ಗೋಡೆ. ಮೇಲಿಂದ ನೋಡುವಾಗ ಗೋಡೆ ಕಾಣಬಾರದು, ಇಲ್ಲಿ ಕಾಣುತ್ತಿತ್ತು. ಅಂದರೆ ಸ್ಯಾಟಲೈಟ್ ಓರೆಯಾಗಿ ನೋಡಿದೆ, ಎತ್ತರದ್ದೆಲ್ಲ ಒಂದು ಕಡೆಗೆ ವಾಲಿದೆ. 777ರ ಬಾಲದ ತುದಿ ನೆಲದಿಂದ 18 ಮೀಟರಿಗೂ ಮೇಲಿರುತ್ತದೆ, ಅದೂ ವಾಲಲೇಬೇಕಲ್ಲ? ಮತ್ತೆ ನೋಡಿದೆ. ಬಾಲದ ಅಡ್ಡ ರೆಕ್ಕೆಗಳು ಎರಡೂ ಬದಿಗೆ ಸಮ. ನಡುವಿನ ಗೆರೆ ಮಾತ್ರ ಗೆರೆಯಲ್ಲ, ಒಂದೇ ಬದಿಗೆ ಮಲಗಿದ ಸಣ್ಣ ತುಂಡು. ಬಣ್ಣ ಬಿಳಿ. ಕೊರಿಯನ್ ಏರ್ ಆಗಿದ್ದರೆ ಅದು ನೀಲಿ ಇರಬೇಕಿತ್ತು. ಬಿಳಿ ಬಾಲ ಕೆಎಲ್‌ಎಂನದ್ದು. ಪಟ್ಟಿಯಲ್ಲಿ ಹೊಡೆದುಹಾಕಿ ತಿದ್ದಿದೆ. ವಿಮಾನ ವಾಲಿದ ದಿಕ್ಕಿಗೇ ಉದ್ದಕ್ಕೆ ನಿಂತಿದ್ದರೆ ಈ ಉಪಾಯವೂ ನಡೆಯುತ್ತಿರಲಿಲ್ಲ ಬಿಡಿ.

ಈಗ ಬಣ್ಣಕ್ಕಿಂತ ಮುಂಚೆ ಅಳೆಯುತ್ತೇನೆ, ಆಮೇಲೆ ಫೋಟೋ ತೆಗೆದ ತಾರೀಖು ನೋಡುತ್ತೇನೆ. ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಹೊಸ ಬಣ್ಣ ತಂದಿತು, ಅದಕ್ಕೂ ಮುಂಚಿನ ಫೋಟೋದಲ್ಲಿ ಬಣ್ಣವಿಲ್ಲದ, ಪಾಲಿಶ್ ಮಾಡಿದ ಲೋಹದ ಮೈ ಕಂಡರೆ ಮೊದಲ ಊಹೆ ಅದೇ. ಹಳದಿ ಕಂಡರೆ ನಿಂತ ಜಾಗ ನೋಡುತ್ತೇನೆ: ಸರಕಿನ ಶೆಡ್ ಮುಂದೆ ಇದ್ದರೆ ಡಿಎಚ್‌ಎಲ್, ಪ್ರಯಾಣಿಕರ ಗೇಟಿನಲ್ಲಿದ್ದರೆ ಅಮೆರಿಕದ ಸ್ಪಿರಿಟ್ ಏರ್‌ಲೈನ್ಸ್ ಇರಬಹುದು.

ಇನ್ನೊಂದು ನಗೆಯ ವಿಷಯ. ಹಾರುತ್ತಿರುವ ವಿಮಾನದ ಸುತ್ತ ಕೆಂಪು, ಹಸಿರು, ನೀಲಿ ನೆರಳು ಬೇರೆ ಬೇರೆಯಾಗಿ ಕಾಣುತ್ತದೆ. ಒಂದೊಂದು ಬಣ್ಣವನ್ನು ಕ್ಷಣದಷ್ಟು ಅಂತರದಲ್ಲಿ ಸೆರೆಹಿಡಿಯುವುದರಿಂದ, ಅಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ನಾನು ಇದನ್ನು ಯಾವುದೋ ವಿಶೇಷ ಪೇಂಟ್ ಅಂತ ಸುಮ್ನೆ ಒಂದು ಸಂಜೆ ಪೂರ್ತಿ ಹುಡುಕಿದ್ದೆ.

ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ ಮರುಭೂಮಿಯಲ್ಲಿ ಸಾಲಾಗಿ ನಿಲ್ಲಿಸಿದ ವಿಮಾನಗಳ ಮುಂದೆ ಮಾತ್ರ ನನ್ನ ಆಟ ನಡೆಯುವುದಿಲ್ಲ. ಕೈಬಿಟ್ಟ ವಿಮಾನಗಳ ಗುರುತಿನ ಮೇಲೆ ಎಷ್ಟೋ ಸಲ ಬಿಳಿ ಬಳಿದಿರುತ್ತಾರೆ. ನನ್ನ ಪಟ್ಟಿಯಲ್ಲಿ ಅಂಥವುಗಳ ಎದುರು ಉದ್ದ, ಅಗಲ, ತಾರೀಖು ಇದೆ. ಕಂಪನಿಯ ಜಾಗ ಖಾಲಿ.