ಊರಲ್ಲೇ ಕೂತು ಲೀಗ್ ಟೂ ಕ್ಲಬ್ ಒಂದರ ಇಡೀ ಸೀಸನ್ ನೋಡುವುದು ಹೇಗೆ

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಪ್ರೀಮಿಯರ್ ಲೀಗ್ ನೋಡುವವರಿಗೆ ನಮ್ಮಲ್ಲಿ ಬರವಿಲ್ಲ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಅಂತ ಇನ್ನೂ ಮೂರು ಲೀಗ್ ಇವೆ, ಒಂದೊಂದರಲ್ಲೂ 24 ತಂಡ, ಪ್ರತಿ ತಂಡಕ್ಕೂ 46 ಪಂದ್ಯ. ನಾನು ಹೇಳುವುದು ಕೊನೆಯದರ ಬಗ್ಗೆ. ಅಲ್ಲಿ ಆಟ ಸ್ವಲ್ಪ ಒರಟು, ಆದರೆ ಸೀಸನ್ ಮಾತ್ರ ಎಲ್ಲಕ್ಕಿಂತ ಮಜವಾಗಿರುತ್ತದೆ.

ಮೊದಲು ಒಂದು ಕ್ಲಬ್ ಹಿಡಿಯಿರಿ. ಒಂದೇ ಒಂದು. ಕಾರಣ ಏನಾದರೂ ಆಗಬಹುದು. ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗಂತೂ ಸುಲಭ: ತಂಡದ ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಆಟಗಾರನಾಗಿ ಕ್ರೂ, ಬ್ರಾಡ್‌ಫರ್ಡ್, ನಾರ್ಥಾಂಪ್ಟನ್ ಎಲ್ಲಾ ಸುತ್ತಿ ಬಂದವರು, ಆಮೇಲೆ ಬಂದ ಸೈಮನ್ ಗ್ರೇಸನ್ ಅಂತೂ ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್, ಪ್ರೆಸ್ಟನ್ ಹೀಗೆ ನಾಲ್ಕು ಕ್ಲಬ್ಬುಗಳನ್ನು ಲೀಗ್ ಒನ್‌ನಿಂದ ಮೇಲೆ ಎತ್ತಿದವರು. ಇವುಗಳಲ್ಲಿ ಯಾವುದು ಈ ವರ್ಷ ಯಾವ ಲೀಗ್‌ನಲ್ಲಿದೆ ಎಂದು ನೋಡಿಕೊಂಡು ಆರಿಸಿ. ಇಲ್ಲಿ ತಂಡಗಳು ಪ್ರತಿ ವರ್ಷ ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ.

ಇನ್ನು ಸಮಯ. ಶನಿವಾರ ಅಲ್ಲಿ ಮಧ್ಯಾಹ್ನ 3 ಗಂಟೆಯ ಪಂದ್ಯ ನಮಗೆ ಸಂಜೆ 7:30ಕ್ಕೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗಿನಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ 8:30. ಮಂಗಳವಾರದ 7:45ರ ಪಂದ್ಯ ನಮಗೆ ಮಧ್ಯರಾತ್ರಿ ದಾಟಿ 12:15ಕ್ಕೆ, ಚಳಿಗಾಲದಲ್ಲಿ 1:15ಕ್ಕೆ. ಬೆಳಿಗ್ಗೆ ಕೆಲಸವಿದ್ದರೆ ಮಂಗಳವಾರ ಬಿಟ್ಟುಬಿಡಿ, ಸ್ಕೋರ್ ಎಲ್ಲೂ ಓಡಿಹೋಗುವುದಿಲ್ಲ. ನೋಡುವುದಕ್ಕೆ ಮೊದಲು ಕ್ಲಬ್ಬಿನ ಸ್ವಂತ ವೆಬ್‌ಸೈಟಿಗೆ ಹೋಗಿ. ವೀಡಿಯೊ ಪಾಸ್ ಭಾರತದಲ್ಲಿ ನಡೆಯುತ್ತದಾ, ಯಾವ ಪಂದ್ಯಗಳಿಗೆ ಎಂದು ಖಾತ್ರಿ ಮಾಡಿಕೊಳ್ಳದೆ ವರ್ಷದ ದುಡ್ಡು ಕಟ್ಟಬೇಡಿ. ನನ್ನ ಕೇಳಿದರೆ ಆಡಿಯೊ ಕಾಮೆಂಟರಿಯೇ ಚಂದ. ಎಷ್ಟೋ ವರ್ಷದಿಂದ ಅದೇ ತಂಡದ ಹಿಂದೆ ಸುತ್ತುವ ಸ್ಥಳೀಯರು ಮಾತಾಡುತ್ತಾರೆ, ಪಕ್ಷಪಾತ ಮುಚ್ಚಿಡುವುದೂ ಇಲ್ಲ.

ಈಗ ಮುಖ್ಯ ವಿಷಯ, ಪಾಯಿಂಟ್ ಟೇಬಲ್ ಓದುವುದು. ಮೂರು ಕಡೆ ಗೆರೆ ಎಳೆಯಿರಿ. ಮೊದಲ 3 ತಂಡ ನೇರವಾಗಿ ಲೀಗ್ ಒನ್‌ಗೆ. 4ರಿಂದ 7ನೇ ಸ್ಥಾನದವರಿಗೆ ಪ್ಲೇಆಫ್, ಅದರಲ್ಲಿ ಒಬ್ಬರಿಗೆ ಮಾತ್ರ ಬಡ್ತಿ. ಕೊನೆಯ 2 ತಂಡ ಇನ್ನೂ ಕೆಳಗಿನ ನ್ಯಾಷನಲ್ ಲೀಗ್‌ಗೆ ಇಳಿಯುತ್ತವೆ. ಪಾಯಿಂಟ್ ಸಮ ಆದರೆ ಗೋಲ್ ಡಿಫರೆನ್ಸ್ (ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ವ್ಯತ್ಯಾಸ), ಐಪಿಎಲ್‌ನ ನೆಟ್ ರನ್ ರೇಟ್ ಇದ್ದಹಾಗೆ. ಇಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ: ನಾಲ್ಕು ಪಂದ್ಯಕ್ಕೆ ಏಳು ಪಾಯಿಂಟ್. ಇದೇ ವೇಗದಲ್ಲಿ 46 ಪಂದ್ಯ ಆಡಿದರೆ 80ರ ಹತ್ತಿರ ಬರುತ್ತೀರಿ. 2024-25ರಲ್ಲಿ ಡಾನ್‌ಕಾಸ್ಟರ್ 84, ಪೋರ್ಟ್ ವೇಲ್ 80, ಬ್ರಾಡ್‌ಫರ್ಡ್ 78 ಪಾಯಿಂಟ್‌ಗೆ ಮೇಲೆ ಹೋದವು. ಹಾಗಾಗಿ ಪ್ರತಿ ಸೋಲಿಗೂ ಕೋಚನ್ನು ಓಡಿಸಿ ಎಂದು ಕೂಗುವ ಬದಲು ನಾಲ್ಕು ನಾಲ್ಕು ಪಂದ್ಯದ ಗುಂಪು ಮಾಡಿ ನೋಡಿ. ಚಳಿಗಾಲದಲ್ಲಿ ಮೈದಾನ ಹೆಪ್ಪುಗಟ್ಟಿ, ನೀರು ನಿಂತು ಪಂದ್ಯ ಮುಂದೂಡುತ್ತಾರೆ. ಆಗ ಯಾರು ಎಷ್ಟು ಪಂದ್ಯ ಆಡಿದ್ದಾರೆ ಎಂಬುದನ್ನೂ ನೋಡಲೇಬೇಕು.

ಜನವರಿಯ ಟೇಬಲ್ ನಂಬಬೇಡಿ. ಇದನ್ನು ವಾಲ್ಸಾಲ್ ಅಭಿಮಾನಿಗಳಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಅದೇ 2024-25ರಲ್ಲಿ ಅವರು ಒಂದು ಹಂತದಲ್ಲಿ 12 ಪಾಯಿಂಟ್ ಮುಂದಿದ್ದರು. ಗೋಲು ಹೊಡೆಯುತ್ತಿದ್ದ ಹುಡುಗ ನೇಥನ್ ಲೋ, ಆದರೆ ಅವನು ಸ್ಟೋಕ್ ಸಿಟಿ ಕ್ಲಬ್ಬಿನಿಂದ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ ಬಂದವನು. ಜನವರಿಯಲ್ಲಿ ಸ್ಟೋಕ್ ಅವನನ್ನು ವಾಪಸ್ ಕರೆಸಿಕೊಂಡಿತು. ಅದೊಂದೇ ಕಾರಣ ಅಂತಲ್ಲ, ಆದರೆ ಆಮೇಲೆ ಗೆಲುವೇ ಅಪರೂಪವಾಯಿತು. ಕೊನೆಯ ದಿನ ವಾಲ್ಸಾಲ್ ಕ್ರೂನಲ್ಲಿ ಗೆದ್ದು ಕಾಯುತ್ತಿದ್ದರೆ, ಅತ್ತ ಬ್ರಾಡ್‌ಫರ್ಡ್‌ನ ಆಂಟೋನಿ ಸಾರ್ಸೆವಿಚ್ 96ನೇ ನಿಮಿಷದಲ್ಲಿ ಫ್ಲೀಟ್‌ವುಡ್ ಮೇಲೆ ಗೋಲು ಹೊಡೆದ. ವಾಲ್ಸಾಲ್ 77 ಪಾಯಿಂಟ್, ನಾಲ್ಕನೇ ಸ್ಥಾನ. ವೆಂಬ್ಲಿ ಮೈದಾನದ ಪ್ಲೇಆಫ್ ಫೈನಲ್‌ನಲ್ಲೂ ಎಎಫ್‌ಸಿ ವಿಂಬಲ್ಡನ್ ಎದುರು 0-1 ಸೋಲು. ಹೊಟ್ಟೆ ಉರಿಯುತ್ತದೆ ಅಲ್ವಾ?

ಹಾಗಾಗಿ ಆಗಸ್ಟ್‌ನಲ್ಲೇ ನಿಮ್ಮ ತಂಡದಲ್ಲಿ ಯಾರ್‍ಯಾರು ಲೋನ್ ಆಟಗಾರರು ಎಂದು ಬರೆದಿಟ್ಟುಕೊಳ್ಳಿ. ಗೋಲುಗಳಲ್ಲಿ ಅರ್ಧ ಅವರಿಂದಲೇ ಬರುತ್ತಿದ್ದರೆ ಜನವರಿ ಬರುವ ಮೊದಲೇ ಸ್ವಲ್ಪ ಚಿಂತೆ ಮಾಡಿ.

ಕಪ್ ಪಂದ್ಯಗಳು (ಲೀಗ್‌ಗೆ ಸೇರದ, ಸೋತರೆ ಔಟ್ ಆಗುವ ಟೂರ್ನಿಗಳು) ಬೋನಸ್. ಎಫ್ಎ ಕಪ್ ಮೊದಲ ಸುತ್ತು ನವೆಂಬರ್‌ನಲ್ಲಿ, ದೊಡ್ಡ ತಂಡಗಳು ಸಿಗುವುದು ಜನವರಿಯ ಮೂರನೇ ಸುತ್ತಿನಲ್ಲಿ. ಲೀಗ್ ಕಪ್ ಆಗಸ್ಟ್‌ನಲ್ಲೇ ಶುರು. 2025ರ ಆಗಸ್ಟ್‌ನಲ್ಲಿ ಲೀಗ್ ಟೂ ತಂಡ ಗ್ರಿಮ್ಸ್‌ಬಿ 2-2 ಆದಮೇಲೆ ಪೆನಾಲ್ಟಿಯಲ್ಲಿ 12-11ರಿಂದ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಹೊರಹಾಕಿತು. ಸಂಭ್ರಮ ಪಡಿ, ಆದರೆ ಅದಕ್ಕೆ ಲೀಗ್‌ನಲ್ಲಿ ಒಂದು ಪಾಯಿಂಟೂ ಸಿಗುವುದಿಲ್ಲ.

ಮೈದಾನದ ಹೊರಗಿನ ಸುದ್ದಿಯನ್ನೂ ಓದಿ, ಬೇಜಾರಾದರೂ ಸರಿ. ಕ್ಲಬ್ ದಿವಾಳಿ ಪ್ರಕ್ರಿಯೆಗೆ ಹೋದರೆ 12 ಪಾಯಿಂಟ್ ಕಡಿತ. ಬರಿ ಎಂಬ ಹಳೆಯ ಕ್ಲಬ್ 2019ರಲ್ಲಿ ಲೀಗ್ ಟೂನಿಂದ ಬಡ್ತಿ ಪಡೆದು, ದುಡ್ಡಿನ ತೊಂದರೆಯಿಂದ ಅದೇ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಸಂಬಳ ತಡವಾಯಿತು ಎಂಬ ಸುದ್ದಿ ಬಂದರೆ ಅದನ್ನು ಸೋಲಿಗಿಂತ ದೊಡ್ಡದೆಂದು ತಿಳಿಯಿರಿ.

ಕೊನೆಯ ಶನಿವಾರ ಎಲ್ಲಾ ಪಂದ್ಯ ಒಟ್ಟಿಗೆ ಶುರುವಾಗುತ್ತವೆ. ನಿಮ್ಮ ಪಂದ್ಯ ಒಂದು ಕಿವಿಯಲ್ಲಿ, ಎದುರಾಳಿಗಳ ಸ್ಕೋರ್ ಮೊಬೈಲ್‌ನಲ್ಲಿ ಇರಲಿ. ಸೀಸನ್ ಮುಗಿದು ಕೆಲವು ದಿನಕ್ಕೆ ಯಾರನ್ನು ಉಳಿಸಿಕೊಂಡಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂಬ ಪಟ್ಟಿ ಬರುತ್ತದೆ. ಇಲ್ಲಿ ಒಪ್ಪಂದಗಳು ಹೆಚ್ಚಾಗಿ ಒಂದೆರಡು ವರ್ಷದವು, ಹಾಗಾಗಿ ನಿಮ್ಮ ಮೆಚ್ಚಿನ ಆಟಗಾರನ ಹೆಸರು ಹೊಡೆದುಹೋಗಿರಬಹುದು. ಮೊದಲು ಗೋಲ್‌ಕೀಪರ್ ಉಳಿದಿದ್ದಾನಾ ನೋಡಿ. ಜೂನ್‌ನಲ್ಲಿ ಹೊಸ ವೇಳಾಪಟ್ಟಿ ಬಂದಾಗ ಅದನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ, ನಮ್ಮ ಸಮಯ ಅದೇ ತೋರಿಸುತ್ತದೆ.