ನಗರದ ಕೋಟೆ ನೋಡುವುದು ಹೇಗೆ? ಅರ್ಜಿ ಹಿಡಿದವರ ಹಾಗೆ ನಡೆಯಿರಿ

ಬೆಂಗಳೂರಿನ ಗೆಳೆಯನೊಬ್ಬ ಶಿವಮೊಗ್ಗ ಜಿಲ್ಲೆಯ ಹೊಸನಗರ ದಾಟಿದ ಮೇಲೆ ಬಸ್ಸಿನಿಂದಲೇ ಫೋನ್ ಮಾಡಿದ್ದ. "ಕಂಡಕ್ಟರ್ ನಗರ, ನಗರ ಅಂತ ಕೂಗ್ತಿದಾನೆ. ಕಿಟಕಿಯಲ್ಲಿ ನೋಡಿದ್ರೆ ಬರೀ ಕಾಡು. ಸರಿಯಾದ ಬಸ್ ಹತ್ತಿದೀನಾ?"

ಸರಿಯಾದ ಬಸ್ಸೇ. ಹೆಸರು ನಗರ, ಇರುವುದು ಹಳ್ಳಿ. ಒಂದು ಸಣ್ಣ ಪೇಟೆ, ಒಂದು ಕೆರೆ, ಪಕ್ಕದಲ್ಲಿ ಕೋಟೆ. ಆದರೆ 1640ರ ಹೊತ್ತಿನಿಂದ 1763ರವರೆಗೆ ಕೆಳದಿ ಅರಸರ ರಾಜಧಾನಿ ಇದೇ. ಘಟ್ಟದ ಮೇಲಿನ ಅಡಿಕೆ ತೋಟದ ಲೆಕ್ಕವೂ, ಘಟ್ಟದ ಕೆಳಗಿನ ಬಂದರುಗಳ ಲೆಕ್ಕವೂ ಇಲ್ಲಿಗೇ ಬರುತ್ತಿತ್ತು.

ಗೆಳೆಯ ಕೋಟೆ ಹತ್ತಿದ, ಫಿರಂಗಿ ಪಕ್ಕ ನಿಂತು ಫೋಟೊ ತೆಗೆಸಿಕೊಂಡ, ಇಪ್ಪತ್ತು ನಿಮಿಷಕ್ಕೆ ಇಳಿದ. "ಏನಿದೆ ಮಾರಾಯ, ಬರೀ ಗೋಡೆ" ಅಂದ. ಕೋಟೆ ಅಂತ ನೋಡಿದರೆ ನಗರ ಬೇಗ ಮುಗಿಯುತ್ತದೆ. ಸರ್ಕಾರಿ ಕಚೇರಿ ಅಂತ ನೋಡಬೇಕು. ದೂರದ ಊರಿನ ರೈತನೊಬ್ಬ ಅರ್ಜಿ ಹಿಡಿದು ಬಂದ ಎಂದುಕೊಳ್ಳಿ. ಆಗ ಅದಕ್ಕೆ ಬಿನ್ನಹ ಎನ್ನುತ್ತಿದ್ದರು, ಇರಲಿ. ಅವನು ಎಲ್ಲಿಂದ ಬಂದ, ಎಲ್ಲಿ ಕಾದ, ಯಾರಿಗೆ ಕೈ ಮುಗಿದ? ಆ ಜಾಡು ಹಿಡಿದರೆ ಅರ್ಧ ದಿನ ಸಾಲುವುದಿಲ್ಲ.

ಮೊದಲ ಹೆಜ್ಜೆ ಶಿವಮೊಗ್ಗದಲ್ಲಿ

ನಗರಕ್ಕೆ ಹೋಗುವ ಮುಂಚೆ ಶಿವಮೊಗ್ಗ ಪೇಟೆಯಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಕೋಟೆ ರಸ್ತೆಯ ಹತ್ತಿರ, ತುಂಗೆಯ ದಡದಲ್ಲಿ ಕೆಳದಿ ಅರಸ ಶಿವಪ್ಪ ನಾಯಕನ ಅರಮನೆ ಇದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಹೆಸರು ಶಿವಪ್ಪ ನಾಯಕನದ್ದಾದರೂ ಕಟ್ಟಡ ಹೈದರಾಲಿಯ ಕಾಲದ್ದು ಎನ್ನುತ್ತಾರೆ ಬಲ್ಲವರು. ನಮಗೆ ಬೇಕಾದದ್ದು ಅಲ್ಲಿನ ಮರದ ಕಂಬಗಳು. ದಪ್ಪ ಕಂಬಗಳ ದರ್ಬಾರಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತುಕೊಳ್ಳಿ. ನಗರದಲ್ಲಿ ಇಂಥ ಕಂಬ ಒಂದೂ ಉಳಿದಿಲ್ಲ. ಇಲ್ಲಿ ನೋಡಿದ್ದನ್ನು ಅಲ್ಲಿ ನಾವೇ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು.

ಬಸ್ಸು, ಚಪ್ಪಲಿ, ಉಂಬಳ

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾರಿ. ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯಭಾರ. ನೇರ ಬಸ್ ಸಿಗದಿದ್ದರೆ ಹೊಸನಗರದಲ್ಲಿ ಇಳಿದು ಇನ್ನೊಂದು ಹತ್ತಿ. ಅಲ್ಲಿಂದ ಹದಿನೇಳು ಕಿಲೋಮೀಟರ್ ಆಸುಪಾಸು. ವಾಪಸ್ ಬರುವ ಕೊನೆಯ ಬಸ್ ಎಷ್ಟಕ್ಕೆ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.

ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆ ಕಾಲ. ಮಳೆಗಾಲದ ಚಂದವೇ ಬೇರೆ, ನಿಜ. ಆದರೆ ಪಕ್ಕದ ಹುಲಿಕಲ್, ಮಾಸ್ತಿಕಟ್ಟೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನವು. ಹೊಸ ರಬ್ಬರ್ ಚಪ್ಪಲಿ ಹಾಕಿಕೊಂಡು ಜುಲೈನಲ್ಲಿ ಹೋಗಿ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ನಾಲ್ಕು ಮೆಟ್ಟಿಲು ಕೂತುಕೊಂಡೇ ಇಳಿದವನು ನಾನು. ಹಿಡಿತ ಇರುವ ಶೂ ಹಾಕಿ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಉಪ್ಪಿನ ಗಂಟು ಜೇಬಿನಲ್ಲಿರಲಿ. ಹತ್ತಿದ ಉಂಬಳವನ್ನು ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನಾಗಿ ಉದುರುತ್ತದೆ.

ಹತ್ತುವ ಮೊದಲು ಕೆಳಗೆ ನಿಲ್ಲಿ

ಬಸ್ ಇಳಿದ ಕೂಡಲೇ ಕೋಟೆಗೆ ಓಡಬೇಡಿ. ಚಾ ಕುಡಿದು ರಸ್ತೆಯನ್ನು ನೋಡಿ. ಈ ರಸ್ತೆಯೇ ರಾಜಧಾನಿಗೆ ಕಾರಣ. ಮುಂದಕ್ಕೆ ಹೋದರೆ ಒಂದು ದಾರಿ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆಗೆ, ಇನ್ನೊಂದು ಸಂಪೆಕಟ್ಟೆ, ನಿಟ್ಟೂರು ದಾಟಿ ಕೊಲ್ಲೂರಿನ ಕಡೆಗೆ. ಅಕ್ಕಿ, ಕಾಳುಮೆಣಸು ಸಮುದ್ರಕ್ಕೆ ಇಳಿಯಬೇಕು, ಉಪ್ಪು ಮೇಲೆ ಬರಬೇಕು. ಘಟ್ಟದ ಬಾಯಲ್ಲಿ ಕೂತವನ ಕೈಯಲ್ಲೇ ಸುಂಕ.

ಮೊದಲು ರಾಜಧಾನಿ ಸಾಗರದ ಹತ್ತಿರದ ಇಕ್ಕೇರಿಯಲ್ಲಿತ್ತು. ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದು ಇಕ್ಕೇರಿಯನ್ನು ಹಾಳು ಮಾಡಿದ ಮೇಲೆ ಆಗಿನ ಅರಸ ವೀರಭದ್ರ ನಾಯಕ ಇನ್ನೂ ಒಳಗೆ, ಗುಡ್ಡಗಳ ನಡುವೆ ಸರಿದ. ಬಿದಿರು ತುಂಬಿದ ಊರು, ಅದಕ್ಕೇ ನಗರದ ಹಳೆಯ ಹೆಸರು ಬಿದರೂರು, ಬಿದನೂರು. ಸುತ್ತ ತಿರುಗಿ ನೋಡಿ. ದೊಡ್ಡ ಸೈನ್ಯವೊಂದು ಸಾಲಾಗಿ ಬರಲು ಇಲ್ಲಿ ಎಲ್ಲಿದೆ ಜಾಗ?

ಹೆಬ್ಬಾಗಿಲು

ಈಗ ಹತ್ತಿ. ಕೆರೆಯ ನೀರು ಒಂದು ಕಡೆ, ಕೆಂಪು ಜಂಬಿಟ್ಟಿಗೆಯ ಗೋಡೆ ಇನ್ನೊಂದು ಕಡೆ. ಬಾಗಿಲ ಪಕ್ಕದ ದುಂಡನೆಯ ಕೊತ್ತಲಗಳ ಕೆಳಗೆ ಒಂದು ನಿಮಿಷ ತಲೆ ಎತ್ತಿ ನಿಲ್ಲಿ. ಮೇಲಿರುವವನಿಗೆ ನೀವು ಪೂರ್ತಿ ಕಾಣುತ್ತೀರಿ, ನಿಮಗೆ ಅವನು ಕಾಣುವುದಿಲ್ಲ. ಕಚೇರಿ ಬಾಗಿಲಲ್ಲಿ ಅಂದಿನಿಂದ ಇಂದಿನವರೆಗೆ ಅದೇ ಲೆಕ್ಕ, ಅಲ್ವಾ?

ದರ್ಬಾರಿನ ಜಗಲಿ

ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ಫೋಟೊದವರು ಇಲ್ಲಿ ನಿಲ್ಲುವುದೇ ಇಲ್ಲ. ಉಳಿದಿರುವುದು ಅಡಿಪಾಯದ ಕಟ್ಟೆ ಅಷ್ಟೇ. ಶಿವಮೊಗ್ಗದಲ್ಲಿ ನೋಡಿದ ಕಂಬಗಳನ್ನು ತಂದು ಇದರ ಮೇಲೆ ನಿಲ್ಲಿಸಿ.

ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ್ದು ಇಲ್ಲಿಂದಲೇ. "ಶಿಸ್ತಿನ ಶಿವಪ್ಪ ನಾಯಕ" ಎಂದಾಗ ನಮಗೆ ಕವಾಯತು ನೆನಪಾಗುತ್ತದೆ. ಆ ಶಿಸ್ತು ಬೇರೆ. ಅದು ಕಂದಾಯ. ಗದ್ದೆಗಳನ್ನು ಅಳೆಸಿ, ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಬೆಳೆಯಲ್ಲಿ ಮೂರರಲ್ಲಿ ಒಂದು ಪಾಲು ಅರಮನೆಗೆ ಎಂದು ಗೊತ್ತು ಮಾಡಿದ. ಒಂದೇ ವರ್ಷದ ಬೆಳೆ ನಂಬಲಿಲ್ಲ, ಹಲವು ವರ್ಷ ಬೆಳೆಸಿ ನೋಡಿ ಸರಾಸರಿ ತೆಗೆಸಿದ ಎಂಬ ಮಾತಿದೆ. ನಮ್ಮ ಗದ್ದೆ ಉತ್ತಮವೋ ಕನಿಷ್ಠವೋ ಎಂಬ ತಕರಾರು ಆಗಲೂ ಇದ್ದೇ ಇರುತ್ತದೆ. ಈ ಕಟ್ಟೆಯ ಮುಂದೆ ನಿಂತ ನಮ್ಮ ರೈತನ ಕೈಯಲ್ಲಿದ್ದ ಅರ್ಜಿ ಅಂಥದ್ದೇ ಎಂದು ನನ್ನ ಊಹೆ.

ಕಂಬಗಳು ಎಲ್ಲಿ ಹೋದವು ಎನ್ನುತ್ತೀರಾ? 1763ರಲ್ಲಿ ಹೈದರಾಲಿಯ ಸೈನ್ಯ ಬಂದಾಗ ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಹೋಗುವಾಗ ಅರಮನೆಗೆ ಬೆಂಕಿ ಇಡಿಸಿದಳು ಎನ್ನುತ್ತದೆ ಇತಿಹಾಸ. ಕೊನೆಗೆ ಅವಳು ಸಿಕ್ಕಿಬಿದ್ದಳು, ಮಧುಗಿರಿಯಲ್ಲಿ ಸೆರೆಯಾದಳು. ಹೈದರ್ ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟ. ಜನ ಹೈದರನನ್ನು ಬಿಟ್ಟರು, ನಗರವನ್ನು ಇಟ್ಟುಕೊಂಡರು.

ಹೈದರನ ನಾಣ್ಯದ ಚಿತ್ರ ಎಲ್ಲಾದರೂ ಸಿಕ್ಕರೆ ನೋಡಿ. ಒಂದು ಮುಖದಲ್ಲಿ ಕೆಳದಿ ಅರಸರ ಚಿನ್ನದ ನಾಣ್ಯವಾದ ಇಕ್ಕೇರಿ ವರಹದ ಹಾಗೆಯೇ ಶಿವ ಪಾರ್ವತಿ. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರ. ಅರಸು ಬದಲಾದರೂ ಸಂತೆಯಲ್ಲಿ ನಾಣ್ಯ ಓಡಬೇಕಲ್ಲ!

ಕೊಳ, ಆಮೇಲೆ ನೆತ್ತಿ

ಒಳಗೇ ಅಕ್ಕ ತಂಗಿ ಕೊಳಗಳಿವೆ. ಅಂಚಿನಲ್ಲಿ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಫಿರಂಗಿ ಇರುವ ಎತ್ತರಕ್ಕೆ ಕೊನೆಯಲ್ಲಿ ಹೋಗಿ. ಮೇಲಿಂದ ಕೆರೆ, ತೋಟ, ಗುಡ್ಡ ಎಲ್ಲ ಚೆನ್ನಾಗಿ ಕಾಣುತ್ತವೆ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಈ ಕೋಟೆ ಹಿಡಿದ. ಅದೇ ವರ್ಷ ಟಿಪ್ಪು ಬಂದು ಕಿತ್ತುಕೊಂಡ. ಗೋಡೆ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಗೂ ಅಷ್ಟೇ ಆಯಸ್ಸು ಎಂದು ನನಗೆ ಅನ್ನಿಸುವುದುಂಟು. ದಯವಿಟ್ಟು ಕೆತ್ತಬೇಡಿ.

ಅರ್ಜಿ ಕೇಳದಿದ್ದಾಗ

ಇಳಿದು ಬಂದು ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿ. ಊಟದ ಹೊತ್ತಾಗಿರುತ್ತದೆ. ಊಟ ಬರುವವರೆಗೆ ಒಂದು ಕತೆ. 1830ರಲ್ಲಿ ಈ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ಕೂಟ ಸೇರಿದರು. ಬೂದಿ ಬಸವಪ್ಪ ಎಂಬವನು ಕೆಳದಿಯ ಗಾದಿ ತನ್ನದೆಂದು ಎದ್ದು ನಿಂತ. ಅದೇ ನಗರದ ದಂಗೆ. ದಂಗೆಯ ನೆಪ ಹಿಡಿದು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡರು. ಒಡೆಯರ ಮನೆತನಕ್ಕೆ ಅದು ವಾಪಸ್ ಸಿಕ್ಕಿದ್ದು 1881ರಲ್ಲಿ. ಇಲ್ಲಿನ ಗದ್ದೆಯ ತಕರಾರು ಮೈಸೂರಿನ ಸಿಂಹಾಸನದವರೆಗೆ ಹೋಯಿತು ನೋಡಿ.

ಸಮಯ ಉಳಿದರೆ ದೇವಗಂಗೆ

ಬಸವನಬ್ಯಾಣದ ದೇವಗಂಗೆ ಕೊಳಗಳು ಊರಿನಿಂದ ಕೆಲವು ಕಿಲೋಮೀಟರ್ ದೂರ. ಕಾಲಿನಲ್ಲಿ ಕಸುವಿದ್ದರೆ ದಾರಿ ಕೇಳಿಕೊಂಡು ನಡೆಯಿರಿ, ಇಲ್ಲದಿದ್ದರೆ ಆಟೊ. ಗುಡ್ಡದ ನೀರನ್ನು ಕಲ್ಲಿನ ಕಾಲುವೆಯಲ್ಲಿ ತಂದು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಸಿದ್ದಾರೆ. ಒಂದೊಂದು ಕೊಳಕ್ಕೆ ಒಂದೊಂದು ಆಕಾರ. ಅರಸರ ಜಳಕಕ್ಕೆ ಮಾಡಿದ್ದು. ಬೇಸಿಗೆಯಲ್ಲೂ ನೀರಿನ ಹರಿವು ನಿಲ್ಲುವುದಿಲ್ಲ. ನಮ್ಮ ಅರ್ಜಿದಾರನಿಗೆ ಇಲ್ಲಿ ಪ್ರವೇಶ ಇತ್ತೆಂದು ನನಗೆ ಅನ್ನಿಸುವುದಿಲ್ಲ. ನಿಮಗಿದೆ. ಕಾಲು ಇಳಿಬಿಟ್ಟು ಕೂತುಕೊಳ್ಳಿ, ಸೋಪು ಮಾತ್ರ ಬೇಡ.

ವಾಪಸ್ ಬರುವಾಗ

ತಾಲ್ಲೂಕು ಕಚೇರಿ ಕೂಡ ನಗರದಲ್ಲಿ ಉಳಿಯಲಿಲ್ಲ. ಅದು ಕಲ್ಲೂರುಕಟ್ಟೆಗೆ ಹೋಯಿತು, ಹೋಗುವಾಗ ಊರಿನ ಹೆಸರನ್ನೂ ಕೊಂಡುಹೋಯಿತು. ಅದೇ ಹೊಸನಗರ. ಬಸ್ ಬದಲಿಸಲು ಅಲ್ಲಿ ಇಳಿದವರು, ಕಚೇರಿ ದಿನವಾದರೆ, ತಾಲ್ಲೂಕು ಕಚೇರಿ ಕಡೆ ನಾಲ್ಕು ಹೆಜ್ಜೆ ಹಾಕಿ. ನಾನು ಹೋದಾಗ ಮುಂಡು ಉಟ್ಟ ಹಿರಿಯರೊಬ್ಬರು ಪಹಣಿ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ಸಾಹೇಬ್ರು ಊಟಕ್ಕೆ ಹೋಗಿದಾರೆ, ನೀವೂ ಕೂತ್ಕಳಿ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.