ಸೊಂಟ ಹಿಡಿದವರ ಮನೆ ಎಷ್ಟು ಎತ್ತರ ಇರಬೇಕು

ನಮ್ಮವರ ಸಂಸಾರವೆಲ್ಲ ನೆಲದ ಮೇಲೆಯೇ ನಡೆಯುವುದು. ಈಳಿಗೆಮಣೆ ನೆಲದ ಮೇಲೆ, ದೇವರ ಮುಂದೆ ಕೂರುವ ಮಣೆ ನೆಲದ ಮೇಲೆ, ಅಕ್ಕಿ ಆರಿಸುವುದು, ಹೂ ಕಟ್ಟುವುದು ಎಲ್ಲ ಚಕ್ಕಳಮಕ್ಕಳ ಹಾಕಿಕೊಂಡು. ಮುಂಬಯಿಗೆ ಬಂದು ಮಾಟುಂಗಾದ ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ ಇದ್ದು, ಅದನ್ನೂ ಬಿಟ್ಟು ಹೊರವಲಯದ ಡೊಂಬಿವಲಿಯ ಫ್ಲ್ಯಾಟಿಗೆ ಬಂದರೂ ಈ ರೂಢಿ ಜೊತೆಗೇ ಬಂತು. ಸೊಂಟದ ಕೀಲು ಸವೆಯಿತೆಂದು ಗೊತ್ತಾದ ಮೇಲೆ ಮೊದಲು ಬಿಡಬೇಕಾದ್ದು ಈ ನೆಲವನ್ನು. ಎಣ್ಣೆ, ಶಾಖ, ಮುಲಾಮು ಎಲ್ಲ ಆಮೇಲೆ.

ಅದಕ್ಕೂ ಮುಂಚೆ ನೋವು ಎಲ್ಲಿದೆ ನೋಡಿಕೊಳ್ಳಿ. ಸೊಂಟ ನೋವು ಎಂದು ಬೆನ್ನಿನ ಬುಡ ತೋರಿಸುವವರು ಬಹಳ. ಕೀಲು ಸವೆದ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಹಿಡಿಯುತ್ತದೆ, ಕೆಲವರಿಗೆ ಮೊಣಕಾಲಿಗೂ ಇಳಿಯುತ್ತದೆ. ಸುಮ್ಮನೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕಾಲ ಕಳೆದವರನ್ನು ಕಂಡಿದ್ದೇನೆ. ಎಕ್ಸ್-ರೇ ತೆಗೆಸಿ ಡಾಕ್ಟರರಿಗೆ ತೋರಿಸಿದರೆ ಯಾವುದೆಂದು ತಿಳಿಯುತ್ತದೆ.

ಇನ್ನು ಕುರ್ಚಿ. ಕೂತಾಗ ಮೊಣಕಾಲು ಸೊಂಟಕ್ಕಿಂತ ತುಸು ಕೆಳಗಿರಬೇಕು, ಅದೇ ಅಳತೆ. ನಮ್ಮ ಎತ್ತರದವರಿಗೆ ಹದಿನೆಂಟರಿಂದ ಇಪ್ಪತ್ತು ಇಂಚು ಸಾಕು. ಮಕ್ಕಳು ಪ್ರೀತಿಯಿಂದ ತಂದಿಟ್ಟ ಮೆತ್ತನೆಯ ಸೋಫಾ ಬಂದವರಿಗೆ ಇರಲಿ. ಅದರಲ್ಲಿ ಹುಗಿದರೆ ಎಬ್ಬಿಸಲು ಇಬ್ಬರು ಬೇಕು. ಗಟ್ಟಿ ಸೀಟಿನ, ಕೈ ಇರುವ ಕುರ್ಚಿ ಇಟ್ಟುಕೊಳ್ಳಿ. ಏಳುವಾಗ ಮುಂದಕ್ಕೆ ಸರಿದು, ಎರಡೂ ಕೈ ಊರಿ ಏಳಿ. ಮಂಚ ತಗ್ಗಿದ್ದರೆ ಬಡಗಿಗೆ ಹೇಳಿ ಕಾಲಿನ ಕೆಳಗೆ ಗುಳಿ ತೋಡಿದ ಮರದ ತುಂಡು ಕೊಡಿಸಿ. ಗುಳಿ ಇರಲೇಬೇಕು, ಇಲ್ಲದಿದ್ದರೆ ಮಂಚ ಜಾರುತ್ತದೆ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಂಡರೆ ಮೇಲಿನ ಕಾಲು ಒಳಕ್ಕೆ ಬಿದ್ದು ಎಳೆಯುವುದಿಲ್ಲ.

ಬಚ್ಚಲಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳೆಯ ಪಗಡಿ ಬಿಲ್ಡಿಂಗುಗಳಲ್ಲಿ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಸಣ್ಣ ಬಾಡಿಗೆಗೆ ಕಾಯಂ ಇರುವ ಮನೆಗಳಲ್ಲಿ, ಕುಕ್ಕರಗಾಲಿನ ಸಂಡಾಸೇ ಇರುತ್ತದೆ, ಒಡೆಸಲು ಮಾಲೀಕ ಒಪ್ಪುವುದಿಲ್ಲ. ಅದರ ಮೇಲೆ ಇಡುವ, ನಡುವೆ ತೂತಿರುವ ಕಬ್ಬಿಣದ ಕುರ್ಚಿ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕಮೋಡ್ ಇದ್ದವರಿಗೆ ಅದರ ಮೇಲೆ ಕೂರಿಸುವ ನಾಲ್ಕು ಇಂಚು, ಆರು ಇಂಚಿನ ಎತ್ತರದ ಸೀಟೂ ಇದೆ. ಪಕ್ಕದ ಗೋಡೆಗೆ ಉಕ್ಕಿನ ಹಿಡಿ ಹಾಕಿಸಿ, ಇಟ್ಟಿಗೆಯ ತನಕ ತೂತು ಕೊರೆದು ಸ್ಕ್ರೂ ಬಿಗಿಸಬೇಕು. ಗೋಡೆಗೆ ಒತ್ತಿ ಅಂಟಿಸುವ ರಬ್ಬರಿನ ಹಿಡಿಗಳನ್ನು ನಂಬಬೇಡಿ. ಟವೆಲ್ ಹಾಕುವ ಸರಳನ್ನಂತೂ ಹಿಡಿಯಲೇಬೇಡಿ. ಸ್ನಾನಕ್ಕೆ ಎರಡು ಸ್ಟೂಲು ಬೇಕು, ಒಂದು ನಿಮಗೆ, ಒಂದು ಬಕೆಟಿಗೆ. ನಿಮ್ಮದರ ಕಾಲಿಗೆ ರಬ್ಬರ್ ಇರಲಿ. ಬಟ್ಟೆ ಹಾಕುವಾಗ ನೋವಿನ ಕಾಲು ಮೊದಲು, ಬಿಚ್ಚುವಾಗ ಅದು ಕೊನೆಗೆ. ಸೀರೆಯನ್ನು ಎರಡು ಬೆರಳು ಮೇಲಕ್ಕೇ ಉಡಿ, ನೆರಿಗೆ ಕಾಲಿಗೆ ಸಿಕ್ಕಬಾರದು. ಜೂನ್ ಬಂತೆಂದರೆ ಇಲ್ಲಿ ನೆಲ ಒಣಗುವುದೇ ಇಲ್ಲ, ಬಾಗಿಲಿನ ಕಾಲೊರಸು ಜಾರುತ್ತಿದ್ದರೆ ಎತ್ತಿ ಎಸೆಯಿರಿ.

ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆಯ ಮುಂದೆ ಎತ್ತರದ ಸ್ಟೂಲ್ ಹಾಕಿ ಅರ್ಧ ಕೂತು ಅರ್ಧ ನಿಂತು ಕೆಲಸ ಮಾಡಬಹುದು. ಈಳಿಗೆಮಣೆಗೆ ನಿವೃತ್ತಿ ಕೊಡಿ, ಚಾಕು ಹಿಡಿಯಿರಿ. ಕುಕ್ಕರ್, ದೋಸೆ ಕಾವಲಿ ಎಲ್ಲ ಕೈಗೆಟುಕುವ ಮಟ್ಟಕ್ಕೆ ಬರಲಿ. ಮಾಳಿಗೆಗೆ ಏರಿಸಿಟ್ಟ ಹಿತ್ತಾಳೆ ಪಾತ್ರೆಗಳನ್ನು ಮರೆತುಬಿಡಿ. ನೀರು ಬರುವ ಹೊತ್ತಿನಲ್ಲಿ ತುಂಬಿದ ಬಕೆಟ್ ಎತ್ತಬೇಡಿ, ಪೈಪ್ ಹಾಕಿ ತುಂಬಿಸಿ. ಪೂಜೆಗೂ ಕುರ್ಚಿ ಸಲ್ಲುತ್ತದೆ, ದೇವರು ಬೇಸರಪಟ್ಟುಕೊಂಡದ್ದು ಕಂಡಿಲ್ಲ.

ಕೋಲು ಹಿಡಿಯಲು ನಮ್ಮ ಹೆಂಗಸರಿಗೆ ನಾಚಿಕೆ. ಮಳೆಗಾಲದಲ್ಲಿ ಛತ್ರಿಯನ್ನೇ ಊರಿಕೊಂಡು ನಡೆಯುತ್ತಾರೆ. ಛತ್ರಿಯ ತುದಿ ಟೈಲ್ಸಿನ ಮೇಲೆ ನಿಲ್ಲುವುದಿಲ್ಲ, ಕೋಲೇ ಬೇಕು. ಅದನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ಎಡ ಸೊಂಟ ನೋವಿದ್ದರೆ ಬಲಗೈಯಲ್ಲಿ. ಬಹುತೇಕರು ತಿರುಗಾಮುರುಗಾ ಹಿಡಿಯುತ್ತಾರೆ. ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ ಆ ಬದಿಯ ಸೊಂಟದ ಸ್ನಾಯುಗಳು ಮೈ ವಾಲದಂತೆ ಬಲವಾಗಿ ಎಳೆಯುತ್ತವೆ, ಆ ಎಳೆತವೇ ಕೀಲನ್ನು ಒತ್ತುವುದು. ಎದುರು ಕೈಯ ಕೋಲು ಆ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಕೋಲೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋಗಲಿ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಬರುವಲ್ಲಿ ಕೋಲಿನ ಹಿಡಿ ಇರಬೇಕು. ತುದಿಯ ರಬ್ಬರ್ ಬುಷ್ ಸವೆದರೆ ತಡಮಾಡದೆ ಬದಲಿಸಿ.

ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಕಟ್ಟಡಗಳು ನಮ್ಮ ಕಡೆ ಬೇಕಷ್ಟಿವೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಒಂದು ಕೈ ಕಟಾಂಜನದ ಮೇಲೆ. ತರಕಾರಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡಿ, ಮುಂಬಯಿಯ ಹಳೆಯ ಉಪಾಯ. ರಿಕ್ಷಾ ಹತ್ತುವಾಗ ಬೆನ್ನು ತಿರುಗಿಸಿ ಮೊದಲು ಕೂತು, ಆಮೇಲೆ ಕಾಲು ಒಳಗೆಳೆಯಿರಿ. ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿದರೆ ಮೈ ಸಲೀಸಾಗಿ ತಿರುಗುತ್ತದೆ. ಮೆಟ್ರೋದಲ್ಲಿ ಲಿಫ್ಟ್ ಇದೆ, ಪ್ಲಾಟ್‌ಫಾರ್ಮೂ ಬಾಗಿಲೂ ಒಂದೇ ಮಟ್ಟ. 2022ರಿಂದ 75 ದಾಟಿದವರಿಗೆ ಮಹಾರಾಷ್ಟ್ರದ ಸರಕಾರಿ ಎಸ್‌ಟಿ ಬಸ್ ಪುಕ್ಕಟೆಯೇನೋ ಹೌದು, ಆದರೆ ಆ ಮೆಟ್ಟಿಲಿಗೆ ಕಾಲಿಡಬೇಕಲ್ಲ!

ಹೀಗೆಂದು ಹಾಸಿಗೆ ಹಿಡಿಯಬೇಡಿ. ನಡೆಯದಿದ್ದರೆ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ಮನೆಯೊಳಗೇ ಆಗಾಗ ನಾಲ್ಕು ಸುತ್ತು ಹಾಕಿ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡಿ. ನೋವಿನ ಮಾತ್ರೆಯನ್ನು ಮೆಡಿಕಲ್‌ನವನನ್ನು ಕೇಳಿ ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೇಡು, ಬಿಪಿ ಇದ್ದವರು ಇನ್ನೂ ಜಾಗ್ರತೆ. ಡಾಕ್ಟರು ಕೀಲು ಬದಲಿಸಲು ಹೇಳಿದರೆ ಮೇಲೆ ಹೇಳಿದ ಏರ್ಪಾಡುಗಳನ್ನೆಲ್ಲ ಆಪರೇಷನ್ನಿಗೆ ಮುಂಚೆಯೇ ಮಾಡಿಸಿಕೊಳ್ಳಿ, ಆಮೇಲೆ ಕೆಲವು ವಾರ ಹೆಚ್ಚು ಬಾಗುವಂತಿರುವುದಿಲ್ಲ, ಕಾಲ ಮೇಲೆ ಕಾಲು ಹಾಕುವಂತಿರುವುದಿಲ್ಲ.

ಬಿದ್ದಾಗ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ಊರಲಾಗದಿದ್ದರೆ ಎಲುಬು ಮುರಿದಿದೆಯೆಂದೇ ತಿಳಿಯಿರಿ. ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸುವುದು ಬೇಡ, 108ಕ್ಕೆ ಫೋನ್ ಮಾಡಿ. ಫೋನ್ ಮೇಜಿನ ಮೇಲಿದ್ದು ನೀವು ನೆಲದ ಮೇಲಿದ್ದರೆ ಏನು ಉಪಯೋಗ? ಸಣ್ಣ ಚೀಲದಲ್ಲಿ ಹಾಕಿ ಕೊರಳಿಗೆ ತೂಗುಹಾಕಿಕೊಳ್ಳಿ. ಒಬ್ಬರೇ ಇದ್ದಾಗ ಒಳಚಿಲಕ ಹಾಕದೆ ಬರೀ ಲ್ಯಾಚ್ ಹಾಕಿ, ಅದರ ಇನ್ನೊಂದು ಬೀಗದಕೈ ಪಕ್ಕದ ಮನೆಯವರ ಹತ್ತಿರ ಕೊಟ್ಟಿಡಿ.